ಇನ್ನೂರ ಹತ್ತು ಸುತ್ತು

೧೨ ಜನವರಿ ೧೯೭೯, ಶಹಾಡ್

ಅಪ್ಪಾಸಾಹೇಬರು ಈ ವರ್ಷ ಕಾರ್ಖಾನೆಯಲ್ಲಿ ಎಲ್ಲರಿಗೂ ಕ್ಯಾಲೆಂಡರ್ ಕೊಟ್ಟರು, ನನಗೆ ಮಾತ್ರ ಡೈರಿ. "ನೀವು ಮಿಲಿಟರಿ ಮಂದಿ ಬಸಲಿಂಗಪ್ಪ, ಬರದಿಡೋ ಚಟ ಇರತೈತಿ" ಎಂದರು. ಮಾಲೀಕರಾದರೂ ನಿಪ್ಪಾಣಿ ಕಡೆಯವರು, ನನ್ನ ಜೊತೆ ಕನ್ನಡದಲ್ಲೇ ಮಾತು.

ಚಟ ಇದ್ದದ್ದು ನಿಜ. ಹದಿನೇಳು ವರ್ಷ ಪಲ್ಟನ್ನಿನ ಆಯುಧ ರಿಪೇರಿ ಕೋಣೆಯಲ್ಲಿ ಯಾವ ಬಂದೂಕಿನ ಯಾವ ಸ್ಪ್ರಿಂಗು ಯಾವತ್ತು ಬದಲಾಯಿತೆಂದು ಬರೆದಿಟ್ಟವನು ನಾನು. ಈಗ ಏನು ಬರೆಯುವುದೋ ತಿಳಿಯುತ್ತಿಲ್ಲ. ಕಾಳವ್ವ ತೀರಿಕೊಂಡು ಇಂದಿಗೆ ಐವತ್ತೆಂಟು ದಿನ. ಕಾಮಾಲೆ ಆಗಿತ್ತು. ಹೆಂಡತಿ ಸತ್ತವನು ಅಳುತ್ತಾನೆಂದು ಚಾಳಿನವರು ಕಾದರು, ನಾನೂ ಕಾದೆ. ಬರಲಿಲ್ಲ. ಹದಿಮೂರನೆಯ ದಿನ ಕೆಲಸಕ್ಕೆ ಹೋದೆ. ರೋಣದಿಂದ ಮಹಾದೇವಕ್ಕ ಬಂದು ಅಡಿಗೆ ನೋಡಿಕೊಳ್ಳುತ್ತಿದ್ದಾಳೆ. ಅವಳು ನನಗಿಂತ ಒಂಬತ್ತು ವರ್ಷ ದೊಡ್ಡವಳು, ವಿಧವೆ, ಬಾಯಿ ಜೋರು.

ಮಂಗಳವಾರದಿಂದ ಹೊಸ ಕೆಲಸ. ಠಾಣೆಯ ವಾಗ್ಳೆ ಎಸ್ಟೇಟಿನ ನಮ್ಮ ಶೆಡ್ಡಿನಲ್ಲಿ ಇಷ್ಟು ದಿನ ಪಂಪಿನ ಬಿಡಿಭಾಗ ಮಾಡುತ್ತಿದ್ದರು. ಈಗ ಹೊರದೇಶದ ಒಬ್ಬ ಬಂದೂಕು ವ್ಯಾಪಾರಿಗೆ ಬ್ರೇಕು ಮಾಡಿಕೊಡುತ್ತಾರೆ. ಬ್ರೇಕು ಅಂದರೆ ಬೇಟೆಯ ರೈಫಲಿನ ನಳಿಗೆ ತುದಿಗೆ ತಿರುಪಿ ಕೂರಿಸುವ ಉಕ್ಕಿನ ಟೊಪ್ಪಿ, ಎರಡೂ ಮಗ್ಗುಲಿಗೆ ತೂತು. ಗುಂಡಿನ ಹಿಂದೆ ನುಗ್ಗಿ ಬರುವ ಬಿಸಿಗಾಳಿ ಆ ತೂತುಗಳಿಂದ ಪಕ್ಕಕ್ಕೆ ಹೊರಬೀಳುತ್ತದೆ, ಬಂದೂಕು ಭುಜಕ್ಕೆ ಒದೆಯುವುದು ಅರ್ಧಕ್ಕರ್ಧ ಕಡಿಮೆಯಾಗುತ್ತದೆ. ನಮ್ಮಲ್ಲಿ ಬೇಟೆಗೆ ಕಾಯಿದೆ ಬಂದು ಆರೇಳು ವರ್ಷವಾಯಿತು, ಅಲ್ಲಿಯವರು ಇನ್ನೂ ಆಡುತ್ತಾರಂತೆ. ಅವರ ಭುಜ ನೋಯದಿರಲೆಂದು ನಾವು ಇಲ್ಲಿ ಆರುನೂರು ಸುತ್ತು ಹಾರಿಸಿ ಅಳತೆ ಕಳಿಸಬೇಕು. ಹಾರಿಸುವವನು ನಾನು.

೧೬ ಜನವರಿ

ಮೂವತ್ತು ಸುತ್ತು.

ತುರ್ಭೆಯಿಂದ ಒಳಗೆ, ಕಲ್ಲು ತೆಗೆದು ಬಿಟ್ಟ ಹಳೆಯ ಕ್ವಾರಿ, ಮೂರು ಕಡೆ ಬಂಡೆ. ಪೊಲೀಸರ ಪರವಾನಗಿ ಫೆಬ್ರವರಿ ಹದಿನಾರರವರೆಗೆ. ವಾರಕ್ಕೆ ನಾಲ್ಕೇ ದಿನ, ಮಂಗಳವಾರದಿಂದ ಶುಕ್ರವಾರ, ಹತ್ತರಿಂದ ಒಂದು ಗಂಟೆ. ಒಬ್ಬ ಹವಾಲ್ದಾರ ಬಂದು ದೂರದ ಹುಣಸೆ ಮರದಡಿ ಕೂತು ಬೀಡಿ ಸೇದಿ ಸಹಿ ಹಾಕಿ ಹೋಗುತ್ತಾನೆ. ಇಷ್ಟು ಸುಖದ ಸರಕಾರಿ ಕೆಲಸ ನನಗೆ ಹದಿನೇಳು ವರ್ಷದಲ್ಲಿ ಒಂದು ದಿನವೂ ಸಿಗಲಿಲ್ಲ.

ಮೇಜಿನ ಮೇಲೆ ಹಿಂದೆ ಮುಂದೆ ಜಾರುವ ಗಾಡಿಗೆ ರೈಫಲನ್ನು ಬಿಗಿದಿದ್ದೇವೆ. ನಾನು ಹಿಂದೆ ಕೂತು ಕುದುರೆ ಎಳೆಯುತ್ತೇನೆ. ಗಾಡಿ ಎಷ್ಟು ಹಿಂದೆ ಜಾರಿತೆಂದು ಹಿತ್ತಾಳೆ ಪಟ್ಟಿಯ ಮೇಲೆ ಒಂದು ಮುಳ್ಳು ಸರಿದು ನಿಲ್ಲುತ್ತದೆ. ಅದನ್ನು ಓದಿ ಬರೆಯುವವರು ಲೀಲಾಧರ್. ಬ್ರೇಕ್ ಇಲ್ಲದೆ ನಾಲ್ಕು ಇಂಚು, ಹಾಕಿದ ಮೇಲೆ ಎರಡು. ಪಟ್ಟಿ ಗಾಡಿಯ ಮುಂದಿನ ತುದಿಯಲ್ಲಿದೆ, ಹಾಗಾಗಿ ಅವರು ನನ್ನ ಎಡಕ್ಕೆ ಎರಡು ಮೊಳ ಮುಂದೆ ಕೂರಬೇಕು.

ಲೀಲಾಧರ್ ಉಡುಪಿ ಕಡೆಯವರು, ಡೊಂಬಿವಲಿಯಲ್ಲಿ ಮನೆ. ನಮ್ಮ ಕಾರ್ಖಾನೆಯಲ್ಲಿ ಹನ್ನೆರಡು ವರ್ಷದಿಂದ ಅಳತೆ ತಪಾಸಣೆಯ ಕೆಲಸ. ವ್ಯಾಪಾರಿ ಸಿಡಿತದ ಸದ್ದು ತಡೆಯಲು ಕಿವಿಗೆ ಹಾಕಿಕೊಳ್ಳುವ ಮಫ್ ಒಂದೇ ಒಂದು ಕಳಿಸಿದ್ದಾನೆ, ಅದರ ಚೀಟಿಯ ಮೇಲೆ 'ಹಾರಿಸುವವರಿಗೆ' ಎಂದಿದೆ. ಲೀಲಾಧರ್ ತಮ್ಮ ಹೆಂಡತಿ ರಮಾಮಣಿ ದೇವರ ದೀಪಕ್ಕೆಂದು ಹೊಸೆದ ಹೂಬತ್ತಿ ಎರಡನ್ನು ಕಿವಿಗೆ ತುರುಕಿಕೊಂಡು ಬಂದಿದ್ದರು.

"ಮಫ್ ನೀವ ಹಾಕ್ಕೋರಿ. ನನಗ ರೂಢಿ ಐತಿ" ಎಂದೆ.

"ಬೇಡ ಮಾರಾಯ್ರೆ. ಬಂದೂಕಿನ ಹಿಂದೆ ಕೂರುವವರು ನೀವು, ನಾನು ಬರೀ ಗುಮಾಸ್ತ. ನನಗೆ ದೇವರ ಬತ್ತಿ ಉಂಟಲ್ಲ" ಎಂದು ನಕ್ಕರು.

ನಾನು ಇನ್ನೊಮ್ಮೆ ಹೇಳಲಿಲ್ಲ. ಮಫ್ ಹಾಕಿಕೊಂಡೊಡನೆ ಎಲ್ಲ ನಿಂತಿತು. ಸಿಡಿತ ಕೂಡ ಪಕ್ಕದ ಮನೆಯಲ್ಲಿ ಯಾರೋ ಬಾಗಿಲು ಹಾಕಿದಷ್ಟೇ ಕೇಳುತ್ತದೆ. ಮೂರು ತಾಸು ಕಾಳವ್ವನ ನೆನಪು ಬರಲಿಲ್ಲ.

೧೯ ಜನವರಿ

ಮೂವತ್ತು. ಒಟ್ಟು ನೂರಾ ಇಪ್ಪತ್ತು. ಭುಜಕ್ಕೆ ಇಟ್ಟು ಒಂದೆರಡು ಹಾರಿಸಿ ನೋಡಿದೆ. ಒದೆತವೇ ಇಲ್ಲ.

೨೪ ಜನವರಿ

ಇವತ್ತು ಲೀಲಾಧರ್ ಒತ್ತಾಯಕ್ಕೆ ಅವರ ಭಜನೆ ಡಬ್ಬಿ ಹತ್ತಿದೆ. ಏಳೂ ಐವತ್ತರ ಲೋಕಲ್, ಹಿಂದಿನಿಂದ ಮೂರನೆಯದು. ನಾನು ಕಲ್ಯಾಣದಲ್ಲಿ ಹತ್ತಿದೆ, ಅವರು ಡೊಂಬಿವಲಿಯಲ್ಲಿ. ನಿಲ್ಲಲು ಜಾಗವಿಲ್ಲದ ಕಡೆ ಹನ್ನೆರಡು ಜನ ಎರಡು ಬೆಂಚು ಹಿಡಿದು ಠಾಣೆಯವರೆಗೆ ಅಭಂಗ ಹಾಡುತ್ತಾರೆ, ನಡುವೆ ಒಂದು ಕನ್ನಡ ದೇವರನಾಮ. ಹಾಡುವವರು ಯಾರೇ ಇರಲಿ, ತಾಳ ಮಾತ್ರ ಲೀಲಾಧರರದು. ಹದಿನಾಲ್ಕು ವರ್ಷದಿಂದ ಯಾರೂ ಅದನ್ನು ಮುಟ್ಟಿಲ್ಲವಂತೆ. ತಟ್ಟಿದ ಮೇಲೆ ಕಂಚಿನ ಬಟ್ಟಲೆರಡನ್ನೂ ಕಿವಿಯ ಹತ್ತಿರ ಹಿಡಿದು, ನಾದ ಪೂರ್ತಿ ಸಾಯುವವರೆಗೆ ಕೇಳಿ, ಆಮೇಲೆ ಮುಂದಿನ ಹಾಡು. ಉಳಿದವರು ಅಷ್ಟು ಹೊತ್ತು ಕಾಯುತ್ತಾರೆ. ನನಗೆ ನಗು ಬಂತು.

"ನಕ್ಕಿರಲ್ಲ" ಎಂದರು ಲೀಲಾಧರ್. "ನಿಮ್ಮ ಮುಖ ನೋಡಿದರೆ ನಾನೇ ಸತ್ತ ಹಾಗೆ ಉಂಟು ಅಂತ ರಮಾಮಣಿ ಹತ್ರ ಹೇಳ್ತಿದ್ದೆ. ಇವತ್ತು ಬದುಕಿದೆ."

ಮೂವತ್ತು ಸುತ್ತು.

೨೮ ಜನವರಿ, ಭಾನುವಾರ

ಕಳುವಾಗದಿರಲೆಂದು ಮಫ್ ಮನೆಗೆ ತಂದಿಟ್ಟುಕೊಂಡಿದ್ದೇನೆ. ಮಧ್ಯಾಹ್ನ ನಲ್ಲಿಯ ಹತ್ತಿರ ಜಗಳ ಶುರುವಾಯಿತೆಂದು ಹಾಕಿಕೊಂಡೆ. ಸಂಜೆಯವರೆಗೆ ತೆಗೆಯಲಿಲ್ಲ. ಅಕ್ಕ ಏನೋ ಹೇಳುತ್ತಿದ್ದಳು, ಬಾಯಿ ಆಡುವುದು ಕಾಣುತ್ತಿತ್ತು.

೩೧ ಜನವರಿ

ಲೀಲಾಧರರ ತಾಳ ಕೆಟ್ಟಿದೆಯಂತೆ. "ಹದಿನಾಲ್ಕು ವರ್ಷದ ಕಂಚು ಮಾರಾಯ್ರೆ, ನಾದ ಹೋಗಿದೆ. ಟಕ್ ಅಂತದೆ, ಅಷ್ಟೇ. ಹಿಂದೆ ಎಂತದೂ ಇಲ್ಲ" ಎಂದರು. ಎಲ್ಲೋ ಸೀಳು ಬಿಟ್ಟಿರಬೇಕೆಂದು ಕ್ವಾರಿಗೆ ಹೋಗುವ ಟೆಂಪೋದಲ್ಲಿ ಕೂತು ಭೂತಗನ್ನಡಿ ಹಿಡಿದು ಹುಡುಕಿದರು. ಅಳತೆ ತಪಾಸಣೆಯವರಲ್ಲವೇ, ತಾಳವನ್ನೂ ಬಿಡಲಿಲ್ಲ. ಸೀಳು ಸಿಗಲಿಲ್ಲ.

ಮೂವತ್ತು.

೨ ಫೆಬ್ರವರಿ

ಕೆಲಸದಿಂದ ಬಂದು ಮಫ್ ಹಾಕಿಕೊಂಡು ಗೋಡೆಗೆ ಒರಗಿದ್ದೆ. ಮಹಾದೇವಕ್ಕ ಒಲೆಯ ಮುಂದಿನಿಂದ ಎದ್ದು ಬಂದು ಅದನ್ನು ನನ್ನ ತಲೆಯಿಂದ ಕಿತ್ತು ತಾನೇ ಹಾಕಿಕೊಂಡು ಎದುರಿಗೆ ಕೂತಳು. ಸ್ವಲ್ಪ ಹೊತ್ತು ಹಾಗೇ ಕಣ್ಣು ಮುಚ್ಚಿದ್ದಳು. ನಂತರ ತೆಗೆದು ನನ್ನ ತೊಡೆಯ ಮೇಲೆ ಇಟ್ಟಳು.

"ಚಲೋ ಐತಿ ತಮ್ಮಾ. ಇದರಾಗ ಕುಂತ್ರ ಕಾಳವ್ವ ಬರ್ತಾಳೇನು?"

"ಇಲ್ಲ."

"ಮತ್ತ ಏನ್ ಸಿಗ್ತೈತಿ ಒಳಗ?"

"ಏನೂ ಇಲ್ಲಕ್ಕಾ. ಅದಕ್ಕ ಹಾಕ್ಕೋತೀನಿ."

ಅವಳು ಅಳುತ್ತಾಳೆ ಅಂದುಕೊಂಡೆ. ಅಳಲಿಲ್ಲ, ರೊಟ್ಟಿ ಬಡಿಯಲು ಹೋದಳು. ಬಡಿಯುವ ಸದ್ದು ಎಂದಿಗಿಂತ ಜೋರಾಗಿತ್ತು. ನಾನು ಮಫ್ ಹಾಕಿಕೊಳ್ಳಲಿಲ್ಲ.

೮ ಫೆಬ್ರವರಿ

ಇದನ್ನು ಬರೆಯುವುದೋ ಬೇಡವೋ ಎಂದು ಪೆನ್ನು ಹಿಡಿದು ಬಹಳ ಹೊತ್ತು ಕೂತೆ. ಬರೆಯುತ್ತೇನೆ.

ಭಾನುವಾರ ಲೀಲಾಧರ್ ಕಲ್ಯಾಣದಲ್ಲಿ ಹೊಸ ತಾಳ ಕೊಂಡರು. ಇಂದು ಬೆಳಿಗ್ಗೆ ರೈಲಿನಲ್ಲಿ ಹಳೆಯದು, ಹೊಸದು ಎರಡೂ ಜೋಡಿ ತಂದಿದ್ದರು. ಮೊದಲು ಹಳೆಯದನ್ನು ನನ್ನ ಕಿವಿಯ ಹತ್ತಿರ ತಟ್ಟಿದರು, ಆಮೇಲೆ ಹೊಸದನ್ನು.

"ನೀವು ಕಬ್ಬಿಣದ ಜನ, ನಿಮಗೆ ಗೊತ್ತಾಗ್ತದೆ. ಹೇಳಿ, ಎರಡರಲ್ಲಿ ಯಾವುದು ಸತ್ತಿದೆ? ನನಗೆ ಎರಡೂ ಒಂದೇ ಕಾಣ್ತದೆ. ಅಂಗಡಿಯವ ಮೋಸ ಮಾಡಿದ, ಈಗಿನ ಕಂಚಿನಲ್ಲಿ ಕಂಚೇ ಇಲ್ಲ."

ಎರಡೂ ಸತ್ತಿರಲಿಲ್ಲ. ಹಳೆಯದು ಮುಂಬ್ರಾ ಸುರಂಗದೊಳಗೂ ತೆಳ್ಳಗೆ ಮೊಳಗುತ್ತಲೇ ಇತ್ತು. ಹೊಸದು ಸ್ವಲ್ಪ ಹೆಚ್ಚು ಚೂಪು, ಅಷ್ಟೇ. ನನಗೆ ತಕ್ಷಣ ತಿಳಿಯಿತು. ಪಲ್ಟನ್ನಿನಲ್ಲಿ ತೋಪಿನ ಬಳಿ ಇದ್ದವರನ್ನು ನೋಡಿದ್ದೇನೆ. ಮಾತು ಕೇಳುತ್ತದೆ, ಉತ್ತರ ಕೊಡುತ್ತಾರೆ. ಮೊದಲು ಹೋಗುವುದು ತೆಳ್ಳನೆಯ ಸದ್ದು, ಜೀರುಂಡೆ, ಗೆಜ್ಜೆ, ಗಡಿಯಾರ. ಅದು ಹೋದದ್ದು ಅವರಿಗೇ ಗೊತ್ತಾಗುವುದಿಲ್ಲ. ಬ್ರೇಕಿನ ತೂತಿನಿಂದ ಪಕ್ಕಕ್ಕೆ ಬಂದದ್ದು ಬರೀ ಗಾಳಿಯಲ್ಲ, ಸಿಡಿತವೂ ಅದರ ಜೊತೆಗೇ ಬಂದಿದೆ. ಭುಜಕ್ಕೆ ಬೀಳುವ ಪೆಟ್ಟು ಕಡಿಮೆ ಮಾಡಿ ಅದನ್ನು ಪಕ್ಕದವರ ಕಿವಿಗೆ ಕೊಟ್ಟಿದ್ದೇವೆ. ಹದಿಮೂರು ದಿನ, ಮುನ್ನೂರ ತೊಂಬತ್ತು ಸಲ. ದೇವರ ಬತ್ತಿ ಏನು ತಡೆಯುತ್ತದೆ?

ಅವರು ನನ್ನ ಮುಖವನ್ನೇ ನೋಡುತ್ತಿದ್ದರು.

"ಹೌದ್ರಿ, ಎರಡ್ರಾಗೂ ನಾದ ಇಲ್ಲ" ಎಂದೆ.

ಯಾಕೆ ಹಾಗೆ ಹೇಳಿದೆ? ಇನ್ನು ಆರೇ ದಿನ ಉಳಿದಿದೆ ಎಂದುಕೊಂಡೆನೇ? ಪರವಾನಗಿ ಮುಗಿದರೆ ಅಪ್ಪಾಸಾಹೇಬರ ಆರ್ಡರು ಹೋಗುತ್ತದೆ ಎಂದುಕೊಂಡೆನೇ? ಅವೂ ಇವೆ. ಆದರೆ ಅಲ್ಲಿ ತಲೆಯೊಳಗೆ ಮೊದಲು ಬಂದದ್ದು ಬೇರೆ. ಇವತ್ತೇ ನಿಂತರೆ ಹತ್ತರಿಂದ ಒಂದರವರೆಗಿನ ಆ ಮೂರು ತಾಸು ನನಗೆ ಇರುವುದಿಲ್ಲ, ಕಾಳವ್ವ ಇಲ್ಲದ ಮನೆಯ ನೆನಪೇ ಗತಿ ಎಂಬುದು.

ಹತ್ತು ಗಂಟೆಗೆ ಕ್ವಾರಿಗೆ ಹೋದೆವು. ಮೂವತ್ತು ಸುತ್ತು.

೯ ಫೆಬ್ರವರಿ

ಮೂವತ್ತು.

೧೩ ಫೆಬ್ರವರಿ

ಬೆಳಿಗ್ಗೆ ಅಪ್ಪಾಸಾಹೇಬರ ಕ್ಯಾಬಿನ್ನಿಗೆ ಹೋದೆ. "ಪ್ರತಿ ಸುತ್ತಿಗೆ ಲೀಲಾಧರ್ ಬಂಡೆ ಹಿಂದ ಹೋಗಿ ನಿಲ್ಲಲಿ, ಹಾರಿಸಿದ ಮ್ಯಾಲ ಬಂದು ಓದಲಿ. ಮುಳ್ಳು ಅಲ್ಲೇ ನಿಂತಿರತೈತ್ರಿ" ಎಂದೆ.

"ಹಂಗ ಮಾಡಿದ್ರ ದಿನಕ್ಕ ಎಷ್ಟು ಆಗತಾವು?"

"ಹನ್ನೆರಡು. ಭಾಳಂದ್ರ ಹದಿನೈದು."

"ಶುಕ್ರವಾರಕ್ಕ ಪರವಾನಗಿ ಮುಗೀತೈತಿ ಬಸಲಿಂಗಪ್ಪ. ಯಾಕ, ಏನರ ತೊಂದ್ರಿ ಐತೇನು? ಇದ್ರ ಹೇಳ್ರಿ, ಬಂದ್ ಮಾಡೂಣು."

ಅವರು ನಿಜವಾಗಿಯೂ ಪೆನ್ನು ಕೆಳಗಿಟ್ಟು ಕೇಳಿದರು. ನಾನು "ಹಂಗೇನಿಲ್ರಿ" ಎಂದು ಹೊರಗೆ ಬಂದೆ.

ಮೂವತ್ತು. ಲೀಲಾಧರರಿಗೆ ಮಫ್ ಚಾಚಿದೆ. ಇಷ್ಟು ದಿನವಾದ ಮೇಲೆ ಯಾಕೆ ಎಂದು ಅವರು ಕೇಳಲಿಲ್ಲ. "ನೀವೇ ಹಾಕಿಕೊಳ್ಳಿ ಮಾರಾಯ್ರೆ" ಎಂದು ಕಿರುಚಿದರು. ಕಿರುಚುತ್ತಿದ್ದೇನೆಂದು ಅವರಿಗೆ ತಿಳಿದಿರಲಿಲ್ಲ.

೧೪ ಫೆಬ್ರವರಿ

ಮೂವತ್ತು.

೧೫ ಫೆಬ್ರವರಿ

ಮೂವತ್ತು. ಮಫ್ ಒಳಗೂ ಇವತ್ತು ಏನೇನೋ ಕೇಳಿಸುತ್ತಿತ್ತು.

೧೬ ಫೆಬ್ರವರಿ

ಅರವತ್ತು, ಜನವರಿ ಇಪ್ಪತ್ತಾರರ ರಜೆಯಲ್ಲಿ ಬಿಟ್ಟುಹೋದ ಮೂವತ್ತೂ ಸೇರಿ. ಆರುನೂರು ಆಯಿತು. ಕೊನೆಯದು ಒಂದಕ್ಕೆ ಐದು ನಿಮಿಷ ಇದ್ದಾಗ. ಹವಾಲ್ದಾರ ಎದ್ದು ಬಂದು ಕೈಕುಲುಕಿದ. ಲೀಲಾಧರ್ ನೋಟ್‌ಬುಕ್ಕಿಗೆ ಗೆರೆ ಎಳೆದು ತಲೆ ಹಿಡಿದುಕೊಂಡು ಕಲ್ಲಿನ ಮೇಲೆ ಸ್ವಲ್ಪ ಹೊತ್ತು ಕೂತರು. ಅವರ ನೋಟ್‌ಬುಕ್ಕು ವರದಿಯ ಜೊತೆ ಹೊರದೇಶಕ್ಕೆ ಹೋಗುತ್ತದಂತೆ.

ಮಫ್ ಸ್ಟೋರಿಗೆ ಒಪ್ಪಿಸಿ ರಸೀದಿ ತೆಗೆದುಕೊಂಡೆ.

೨೩ ಫೆಬ್ರವರಿ

ಭಜನೆ ಡಬ್ಬಿಯಲ್ಲಿ ತಾಳ ಬೇರೆಯವರ ಕೈಯಲ್ಲಿತ್ತು. ಲೀಲಾಧರ್ ತುಂಬ ಜೋರಾಗಿ ತಟ್ಟುತ್ತಾರೆಂದು, ಹಾಡು ಮುಗಿದರೂ ನಿಲ್ಲಿಸುವುದಿಲ್ಲವೆಂದು ಎಲ್ಲರೂ ಸೇರಿ ಮೆಲ್ಲಗೆ ತೆಗೆದುಕೊಂಡರಂತೆ. ಅವರು ಕಿಟಕಿ ಪಕ್ಕ ಕೂತು ತೊಡೆಯ ಮೇಲೆ ಬೆರಳು ಆಡಿಸುತ್ತಿದ್ದರು. ನನ್ನನ್ನು ನೋಡಿ ಜಾಗ ಕೊಟ್ಟರು.

ಮನೆಗೆ ಬಂದು ಅಕ್ಕನಿಗೆ ಹೇಳಿದೆ. ಎಲ್ಲ ಅಲ್ಲ, ತಾಳ ತೆಗೆದುಕೊಂಡದ್ದು ಮಾತ್ರ. ಅವಳು ರೋಣದ ಸುದ್ದಿ ಹೇಳಿದಳು, ಕೇಳಿದೆ. ಯಾರದೋ ಎಮ್ಮೆ ಬಾವಿಗೆ ಬಿದ್ದದ್ದು, ಅದನ್ನು ಎತ್ತಲು ಊರೆಲ್ಲ ಸೇರಿದ್ದು. ಬಹಳ ಹೊತ್ತು ಹೇಳಿದಳು.

೪ ಮಾರ್ಚ್, ಭಾನುವಾರ

ಡೊಂಬಿವಲಿಗೆ ಲೀಲಾಧರರ ಮನೆಗೆ ಹೋದೆ. ರಮಾಮಣಿಯವರು ಬಾಗಿಲಲ್ಲೇ ತಡೆದು ತಗ್ಗಿದ ದನಿಯಲ್ಲಿ ಹೇಳಿದರು. "ನಿನ್ನೆ ಕುಕ್ಕರು ಏಳೆಂಟು ಸಲ ಕೂಗಿತು. ಇವರು ಪಕ್ಕದಲ್ಲೇ ಪೇಪರು ಓದ್ತಾ ಕೂತಿದ್ದರು. ನಾನು ಬಟ್ಟೆ ಒಣಗಿಸಿ ಬಂದು ನೋಡಿದರೆ ಬೇಳೆ ಕರಟಿ ಹೋಗಿದೆ. ಯಾಕೆ ಇಳಿಸಲಿಲ್ಲ ಅಂತ ಕೇಳಿದರೆ, ಯಾವಾಗ ಕೂಗಿತು ಅಂತಾರೆ. ಕಿವಿಯೊಳಗೆ ಇಡೀ ದಿನ ಕುಂಯ್ ಅಂತದಂತೆ. ನೀವು ಹೇಳಿದರೆ ಡಾಕ್ಟರ ಹತ್ರ ಹೋದಾರು ಅಣ್ಣಾ, ನನ್ನ ಮಾತು ನಡೆಯುವುದಿಲ್ಲ."

ಅವರು ನನ್ನನ್ನು ಅಣ್ಣ ಎಂದದ್ದು ಇದೇ ಮೊದಲು. ಕೊಟ್ಟ ಚಹಾ ಹಾಗೇ ಇಟ್ಟು, ಬುಧವಾರ ನಾನೇ ಕರೆದುಕೊಂಡು ಹೋಗುತ್ತೇನೆ ಎಂದೆ.

೭ ಮಾರ್ಚ್

ಠಾಣೆಯ ಕಿವಿ ಡಾಕ್ಟರ ಬಳಿ ಕರೆದುಕೊಂಡು ಹೋದೆ. ಲೀಲಾಧರರನ್ನು ಒಂದು ಪುಟ್ಟ ಕೋಣೆಯಲ್ಲಿ ಕೂರಿಸಿ, ಸದ್ದು ಕೇಳಿದಾಗ ಬೆರಳೆತ್ತಲು ಹೇಳಿದರು. ನಾನು ಗಾಜಿನ ಹೊರಗಿನಿಂದ ನೋಡುತ್ತಿದ್ದೆ. ಅವರು ಬಹಳ ಶ್ರದ್ಧೆಯಿಂದ ಮುಂದಕ್ಕೆ ಬಾಗಿ ಕೂತಿದ್ದರು. ಆಮೇಲಾಮೇಲೆ ಬೆರಳು ಏಳಲೇ ಇಲ್ಲ.

ಡಾಕ್ಟರು ಮರಾಠಿಯಲ್ಲಿ ವಿವರಿಸಿದರು. ಎಡಗಿವಿಯಲ್ಲಿ ಅರ್ಧಕ್ಕಿಂತ ಹೆಚ್ಚು ಹೋಗಿದೆ, ಬಲದಲ್ಲಿ ಅಷ್ಟೇ ಇಲ್ಲದಿದ್ದರೂ ಹೋಗಿದೆ. ಔಷಧ ಇಲ್ಲ, ಮರಳಿ ಬರುವುದಿಲ್ಲ. ತಾಳದ ನಾದ ಕೇಳಿಸದೆ ಹೋದ ದಿನವೇ ನಿಲ್ಲಿಸಿದ್ದರೆ ಅಷ್ಟಕ್ಕೇ ನಿಲ್ಲುತ್ತಿತ್ತು, ಮಾತಾದರೂ ಚೆನ್ನಾಗಿ ಕೇಳುತ್ತಿತ್ತು. ಮಾತು ಹೋದದ್ದು ಕೊನೆಯ ದಿನಗಳಲ್ಲೇ ಇರಬೇಕು. ಬಂದೂಕಿನ ಪಕ್ಕ ನಿಲ್ಲುವವರಿಗೆ ಹಾರಿಸುವವನಿಗಿಂತ ಒಳ್ಳೆಯ ರಕ್ಷಣೆ ಬೇಕು, ಅದೂ ಬ್ರೇಕ್ ಇದ್ದರೆ ಕಿವಿಯ ಒಳಗೊಂದು ರಬ್ಬರಿನ ಬೆಣೆ, ಮೇಲೊಂದು ಮಫ್, ಎರಡೂ ಬೇಕು ಎಂದರು. ಹತ್ತಿಯಿಂದ ಏನೂ ಆಗುವುದಿಲ್ಲ ಎಂದೂ ಹೇಳಿದರು.

ಲೀಲಾಧರ್ ನನ್ನ ಕಡೆ ತಿರುಗಿ "ಎಂತ ಹೇಳಿದರು?" ಎಂದು ಕೇಳಿದರು. ಎಲ್ಲವನ್ನೂ ಹೇಳಿದೆ, 'ಆ ದಿನವೇ ನಿಲ್ಲಿಸಿದ್ದರೆ' ಎಂಬುದೊಂದನ್ನು ಬಿಟ್ಟು.

ಹೊರಗೆ ಬಂದ ಮೇಲೆ ಅವರು ನನ್ನ ಬೆನ್ನು ತಟ್ಟಿದರು. "ನೀವೆಂತ ಮಾಡುವುದು, ಯಾರಿಗೆ ಗೊತ್ತಿತ್ತು?" ಎಂದರು. ತಾಳದ ಅಂಗಡಿಯವನ ಜೊತೆ ಸುಮ್ಮನೆ ಜಗಳ ಮಾಡಿದೆನಲ್ಲ, ಹೋಗಿ ಕ್ಷಮೆ ಕೇಳಬೇಕು ಎಂದೂ ಹೇಳಿದರು.

ರೈಲಿನಲ್ಲಿ ಬರುವಾಗ ಡೊಂಬಿವಲಿ ದಾಟಿದ ಮೇಲೆ ನನಗೆ ಅಳು ಬಂತು. ಬಾಗಿಲ ಹತ್ತಿರ ನಿಂತು ಗಾಳಿಗೆ ಮುಖ ಕೊಟ್ಟು ಅತ್ತೆ. ಶಹಾಡ್ ಬಂದರೂ ಅಳು ನಿಲ್ಲಲಿಲ್ಲ, ಮುಂದಿನ ಸ್ಟೇಶನ್ನಿನಲ್ಲಿ ಇಳಿದು ಹಿಂದೆ ನಡೆದು ಬಂದೆ. ಅಕ್ಕ ಮುಖ ನೋಡಿ ನೀರು ಕೊಟ್ಟಳು.

೧೦ ಮಾರ್ಚ್

ಊಟದ ಹೊತ್ತಿಗೆ ಲೀಲಾಧರ್ ನನ್ನ ಮೇಜಿಗೆ ಬಂದರು. ಬ್ರೇಕಿನ ಎರಡನೆಯ ಆರ್ಡರು ಬಂದಿದೆ, ಏಪ್ರಿಲ್‌ನಲ್ಲಿ ಮತ್ತೆ ಪರೀಕ್ಷೆ. ಪಟ್ಟಿ ಓದಲು ಈ ಸಲ ಬಿಲ್ಲಿಂಗಿನ ಮುರಾರಿಯನ್ನು ಕೂರಿಸುತ್ತಾರಂತೆ. ಅವನಿಗೆ ಮೊನ್ನೆ ಮೊನ್ನೆ ಮಗಳು ಹುಟ್ಟಿದ್ದಾಳೆ.

"ಅವನನ್ನು ಅಲ್ಲಿ ಹಾಗೆ ಕೂರಿಸಲಿಕ್ಕೆ ನಾನು ಬಿಡುವುದಿಲ್ಲ" ಎಂದರು ಲೀಲಾಧರ್, ಶೆಡ್ಡಿಗೆಲ್ಲ ಕೇಳುವಷ್ಟು ಜೋರಾಗಿ. "ಫ್ಯಾಕ್ಟರಿ ಇನ್ಸ್‌ಪೆಕ್ಟರಿಗೆ ಅರ್ಜಿ ಬರೆಯುತ್ತೇನೆ. ಡಾಕ್ಟರ ಕಾಗದ ಉಂಟು. ಯಾವ ದಿನ ಎಷ್ಟು ಸುತ್ತು, ಯಾವಾಗ ಕೇಳದೆ ಹೋಯಿತು, ಎಲ್ಲ ಬೇಕಂತೆ. ನನ್ನ ನೋಟ್‌ಬುಕ್ಕು ವಿಮಾನ ಹತ್ತಿತು. ನೀವು ದಿನಾ ಬರೆಯುತ್ತೀರಲ್ಲ, ಅದನ್ನು ಎರಡು ದಿನಕ್ಕೆ ಕೊಡಿ ಮಾರಾಯ್ರೆ."

ಲೆಕ್ಕ ಮಾತ್ರ ಬೇರೆ ಹಾಳೆಯಲ್ಲಿ ಬರೆದು ಕೊಡುತ್ತೇನೆ ಎನ್ನಬಹುದಿತ್ತು. ಬಾಯಿಗೂ ಬಂದಿತ್ತು. ಅವರು ನನ್ನ ತುಟಿಗಳನ್ನೇ ದಿಟ್ಟಿಸುತ್ತಿದ್ದರು.

"ಸೋಮವಾರ ತರ್ತೀನಿ" ಎಂದೆ.

೧೧ ಮಾರ್ಚ್, ಭಾನುವಾರ ಬೆಳಿಗ್ಗೆ

ಮೊದಲಿನಿಂದ ಓದಿದೆ. ಫೆಬ್ರವರಿ ಎಂಟರ ಪುಟದ ಬುಡಕ್ಕೆ ಬ್ಲೇಡು ಇಟ್ಟೆ. ಹೊಲಿಗೆಯ ಗುಂಟ ಕತ್ತರಿಸಿದರೆ ಯಾರಿಗೂ ತಿಳಿಯುವುದಿಲ್ಲ, ನನ್ನ ಕೈ ಅಷ್ಟು ಹದವಾಗಿದೆ. ಅಕ್ಕ ಹೊರಗೆ ನಲ್ಲಿಯ ಬಳಿ ಯಾರನ್ನೋ ಬಯ್ಯುತ್ತಿದ್ದಳು. ಬ್ಲೇಡು ತೆಗೆದು ಗಡ್ಡ ಮಾಡಿಕೊಳ್ಳುವ ಡಬ್ಬಿಗೆ ಹಾಕಿದೆ.

ಇಲ್ಲಿಯವರೆಗೆ ನನಗಾಗಿ ಬರೆದೆ. ಈ ಸಾಲಿನಿಂದ ನಿಮಗೆ.

ಲೀಲಾಧರರೇ, ಆ ಪುಟ ಮೊದಲು ಓದಿ. ಯಾರಿಗೆ ಗೊತ್ತಿತ್ತು ಎಂದು ಕೇಳಿದಿರಿ. ನನಗೆ ಗೊತ್ತಿತ್ತು. ನಿಮ್ಮ ತಾಳಗಳಲ್ಲಿ ಯಾವುದೂ ಸತ್ತಿರಲಿಲ್ಲ. ಅಪ್ಪಾಸಾಹೇಬರು ಕೇಳಿದಾಗ ಹೇಳಿದ್ದರೆ ಅವರು ನಿಲ್ಲಿಸುತ್ತಿದ್ದರು, ಹಾಗಾಗಿ ಅವರ ತಪ್ಪಿನ ಜೊತೆಗೆ ಇದನ್ನು ಸೇರಿಸಬೇಡಿ. ಗೊತ್ತಾದ ಮೇಲೆ ನಾನು ಹಾರಿಸಿದ್ದು ಇನ್ನೂರ ಹತ್ತು. ಕೊನೆಯ ದಿನದ್ದು ಅರವತ್ತು ಎಂಬುದನ್ನು ಮರೆಯಬೇಡಿ, ಇಲ್ಲದಿದ್ದರೆ ಲೆಕ್ಕ ನೂರಾ ಎಂಬತ್ತಕ್ಕೆ ನಿಲ್ಲುತ್ತದೆ. ಅರ್ಜಿಯಲ್ಲಿ ನನ್ನ ಪೂರ್ತಿ ಹೆಸರು ಹಾಕಿ, ಸಹಿಗೆ ಕರೆದರೆ ಬರುತ್ತೇನೆ.

ಓದಿದ ಮೇಲೆ ನನ್ನ ಮುಖ ನೋಡಬೇಕು ಅನ್ನಿಸದಿದ್ದರೆ ಅದೂ ಸರಿಯೇ. ಅನ್ನಿಸಿದರೆ ಶಹಾಡಿಗೆ ಬನ್ನಿ. ಓದಿದ್ದು ಸಾಲದು, ಬಾಯಿಂದಲೂ ಕೇಳಬೇಕು ಎಂದರೆ ನಿಮ್ಮ ಎದುರಿಗೆ ಬೆಳಕಿಗೆ ಮುಖ ಮಾಡಿ ಕೂತು, ತುಟಿ ಕಾಣುವ ಹಾಗೆ, ನಿಧಾನವಾಗಿ ಹೇಳುತ್ತೇನೆ.